ಮನೆಗೆ ಹಾಕುವ ಮಣ್ಣು

ಸಣ್ಣಬೀರಪ್ಪ ಹುಟ್ಟಿದ್ದು ತಗಡಿನ ಕೆಳಗೆ. ಹೆಬ್ಬೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆ; ಸಾಲಾಗಿ ಕೋಣೆಗಳು, ಎಲ್ಲಕ್ಕೂ ಸೇರಿ ಉದ್ದಕ್ಕೆ ಒಂದೇ ತಗಡಿನ ಸೂರು. ಮಳೆ ಹಿಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಅವನ ಅವ್ವ ಹಾಲಮ್ಮ ಏನು ಹೇಳಬೇಕಾದರೂ ಮಗನ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಹಾಗೆ ಕೂಗಿ ಕೂಗಿ ಅವಳು ಅವನ ತಲೆಗೆ ತುಂಬಿದ್ದು ಒಂದೇ ಮಾತು.

"ನಾನು ಈ ತಗಡಿನ ಕೆಳಗೆ ಸಾಯಲ್ಲ ಕಣೋ. ನಿಮ್ಮಪ್ಪನೂರಲ್ಲಿ, ನನ್ನದು ಅಂತ ಒಂದು ಮನೇಲಿ ಸಾಯ್ತೀನಿ."

ಅಪ್ಪನೂರು ಎಂದರೆ ಚೌಳಹಿರಿಯೂರು ಹೋಬಳಿಯ ಒಂದು ಬಯಲು ಹಳ್ಳಿ. ಎರಡು ಮದುವೆಯಾಗುವ ಧೈರ್ಯವಿದ್ದ ಆ ಮನುಷ್ಯನಿಗೆ ಎರಡು ಒಲೆ ಉರಿಸುವ ಧೈರ್ಯವಿರಲಿಲ್ಲ. ಮೊದಲ ಹೆಂಡತಿಯ ತವರಿನವರು ಬಂದು ಕಣ್ಣು ಕೆಂಪು ಮಾಡಿದ್ದೇ ತಡ, ಬಸುರಿ ಹಾಲಮ್ಮನನ್ನು ಗಾಡಿ ಹತ್ತಿಸಿ ಕೈ ತೊಳೆದುಕೊಂಡ. ಮೊದಲ ಹೆಂಡತಿಗೆ ಆಗಲೇ ಒಬ್ಬ ಮಗನಿದ್ದ, ದೊಡ್ಡಬೀರಪ್ಪ. ತೋಟದ ಲೈನಿನಲ್ಲಿ ಹೆತ್ತ ಹಾಲಮ್ಮ ತನ್ನ ಮಗನಿಗೆ ಸಣ್ಣಬೀರಪ್ಪ ಎಂದು ತಾನೇ ಹೆಸರಿಟ್ಟಳು. ಹೆಸರಿನಲ್ಲಾದರೂ ಅಣ್ಣನ ಪಕ್ಕದಲ್ಲಿ ಕೂರಲಿ ಎಂಬ ಆಸೆ, ಪಾಪ.

ಅವಳು ಆ ಊರಿನಲ್ಲಿ ಬಾಳಿದ್ದು ಎಷ್ಟು ದಿನವೋ, ನೆನಪು ಮಾತ್ರ ಒಂದು ಜನ್ಮಕ್ಕಾಗುವಷ್ಟಿತ್ತು. ಮಾಳಿಗೆ ಮನೆಗಳ ಊರು ಅದು. ದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. "ಬೇಸಿಗೇಲಿ ಒಳಗೆ ಬಂದ್ರೆ ಮಡಕೆ ನೀರು ಕುಡ್ದಂಗಾಯ್ತದೆ, ಮಳೆ ಬಂದ್ರೂ ಸದ್ದೇ ಇಲ್ಲ" ಎಂದು ಹೇಳುವಳು. ಮಗ ಬಾಯಿ ಬಿಟ್ಟು ಕೇಳುವನು. ಯಾವ ಮಣ್ಣು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕನಸು ಕಾಣುವಾಗ ಯಾರು ತಾನೆ ಅದನ್ನೆಲ್ಲ ಕೇಳುತ್ತಾರೆ?

ಮೀಸೆ ಬಂದ ಮೇಲೆ ಸಣ್ಣಬೀರಪ್ಪ ಘಟ್ಟ ಇಳಿದು ತರೀಕೆರೆ ಹತ್ತಿರದ ಒಂದು ಇಟ್ಟಿಗೆ ಗೂಡಿಗೆ ಸೇರಿದ. ಎಪ್ಪತ್ತರ ದಶಕ ಪೂರ್ತಿ ಅವನು ಕಳೆದದ್ದು ಅಲ್ಲೇ. ಕೆರೆಯಿಂದ ಗಾಡಿಯಲ್ಲಿ ಬಂದು ಬೀಳುವ ಮಣ್ಣನ್ನು ತುಳಿದು, ಅಚ್ಚಿಗೆ ಹಾಕಿ, ಒಣಗಿಸಿ ಕೊಡುವುದು ಅವನ ಕೆಲಸ. ಕೈ ಎಷ್ಟು ಚುರುಕಾಯಿತೆಂದರೆ ಅಚ್ಚು ಎತ್ತಿದಾಗ ಇಟ್ಟಿಗೆಯ ಮೂಲೆ ಒಂದಿಷ್ಟೂ ಮುರಿಯುತ್ತಿರಲಿಲ್ಲ. ಆದರೆ ಮಣ್ಣು ಆರಿಸುವುದು ಸಾಹುಕಾರನ ಕೆಲಸವಾಗಿತ್ತು, ಇವನದಲ್ಲ. ಅಲ್ಲೇ ಇಟ್ಟಿಗೆ ಹೊರುತ್ತಿದ್ದ ತಿಮ್ಮಕ್ಕನನ್ನು ಮದುವೆಯಾದ. ಅಲ್ಲೂ ಇರುವುದಕ್ಕೆ ತಗಡಿನ ಶೆಡ್ಡೇ.

ಗೂಡಿನಲ್ಲಿ ಅವನಿಗೆ ಸೇರದ ಕೆಲಸ ಬೆಂಕಿಯದು. ಗೂಡಿನ ಬಾಯಿ ಎಂದೂ ಸಾಕು ಅನ್ನುತ್ತಿರಲಿಲ್ಲ. ಮಾವು ಬಂತು, ಹುಣಸೆ ಬಂತು, ಯಾರದೋ ತೋಪು ತೋಪೇ ಲಾರಿ ಹತ್ತಿ ಬಂತು. ಒಂದು ಸಲ ಹೂ ಬಿಟ್ಟ ಹೊಂಗೆ ಮರವನ್ನೇ ಕಡಿದು ತಂದಿದ್ದರು. ಜೇನುಹುಳುಗಳು ಲಾರಿಯ ಹಿಂದೆಯೇ ಬಂದು, ಸಂಜೆಯವರೆಗೂ ಗೂಡನ್ನು ಸುತ್ತಿ ಸುತ್ತಿ, ಹೊಗೆಗೆ ಬಿದ್ದು ಸತ್ತವು. ಅವತ್ತು ಸಣ್ಣಬೀರಪ್ಪ ಊಟ ಬಿಟ್ಟ. ಬಿಸಿಲಲ್ಲಿ ಗಟ್ಟಿಯಾಗುವ ಮಣ್ಣನ್ನು ಸುಡುವುದು ಯಾಕೆ, ನಾನು ಮನೆ ಕಟ್ಟಿದರೆ ಹಸಿ ಇಟ್ಟಿಗೆಯಲ್ಲೇ ಕಟ್ಟುತ್ತೇನೆ, ಒಂದು ಕಡ್ಡಿ ಸುಡಲ್ಲ ಎಂದು ತಿಮ್ಮಕ್ಕನಿಗೆ ಹೇಳಿದ. "ಮೊದ್ಲು ಜಾಗ ಹುಡುಕು" ಎಂದು ಅವಳು ನಕ್ಕಳು.

ಜಾಗ ಸಿಕ್ಕಿತು. ಎಂಬತ್ತೊಂದರಲ್ಲಿ ಅಪ್ಪ ಸತ್ತ. ಸಣ್ಣಬೀರಪ್ಪ ಹೆಂಡತಿಯನ್ನು ಕರೆದುಕೊಂಡು ಆ ಊರಿಗೆ ಹೋಗಿ, ತನಗೂ ಒಂದು ಪಾಲು ಬೇಕೆಂದು ಕಟ್ಟೆಯ ಮುಂದೆ ನಿಂತ. ಹೊಲ ಕೇಳಲಿಲ್ಲ, ದನ ಕೇಳಲಿಲ್ಲ. ಅವ್ವನಿಗೆ ಒಂದು ಮನೆ ಕಟ್ಟುವಷ್ಟು ನೆಲ ಕೇಳಿದ. ದೊಡ್ಡಬೀರಪ್ಪ ಕೂಗಾಡಿದ. ಊರ ಯಜಮಾನ ಕಲ್ಲೇಶಪ್ಪ ಗೌಡ, ನ್ಯಾಯ ಹೇಳಿದ ಹಾಗೂ ಆಗಬೇಕು, ದೊಡ್ಡಬೀರಪ್ಪನ ಮನಸ್ಸೂ ಕೆಡಬಾರದು, ಹಾಗೊಂದು ತೀರ್ಮಾನ ಕೊಟ್ಟ. ಊರಂಚಿನ ಹಳೇ ಕಣದ ಜಾಗದಲ್ಲಿ ಸಣ್ಣಬೀರ ಮನೆ ಕಟ್ಟಲಿ. ಬರುವ ಮುಂಗಾರು ಮುಗಿಯುವಾಗ ಮನೆ ನಿಂತಿದ್ದರೆ ಜಾಗ ಅವನದು. ನಿಂತಿರದಿದ್ದರೆ ಜಾಗ ಅಣ್ಣನಿಗೆ ವಾಪಸ್ಸು, ಇವನು ಬಂದ ದಾರಿ ಹಿಡಿಯಬೇಕು.

ಸಣ್ಣಬೀರಪ್ಪ ಅಲ್ಲೇ ಅಡ್ಡಬಿದ್ದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

ಅದೇ ತಿಂಗಳು ಕಲ್ಲೇಶಪ್ಪ ಗೌಡನ ಹೊಸ ಮನೆಯ ಗೃಹಪ್ರವೇಶ. ಊರಿಗೆಲ್ಲ ಅದೇ ಮೊದಲ ತಾರಸಿ ಮನೆ. ಸಿಮೆಂಟಿಗೆ ಕಡೂರು ತಾಲ್ಲೂಕು ಕಚೇರಿಗೆ ಅಲೆದು ಪರ್ಮಿಟ್ಟು ತಂದಿದ್ದ; ಇಟ್ಟಿಗೆಯನ್ನು ಹೊಲದಲ್ಲೇ ಗೂಡು ಹಾಕಿ, ಕೆರೆ ಹಿಂದಿನ ಹುಣಸೆ ತೋಪು ಕಡಿಸಿ ಸುಡಿಸಿದ್ದ. ಊಟದ ಸಾಲಿನಲ್ಲಿ ಗೌಡ ಖುದ್ದಾಗಿ ಬಂದು, "ಹೆಂಗೈತಪ್ಪಾ ಮನೆ? ನೀನು ಇಟ್ಟಿಗೆ ಗೂಡಿನೋನಲ್ವಾ, ಹೇಳು" ಎಂದ. ಸಣ್ಣಬೀರಪ್ಪ ಎಲೆಯಿಂದ ತಲೆ ಎತ್ತಿ ಗೋಡೆ ನೋಡಿ, "ಬೋ ಚೆನ್ನಾಗೈತೆ ಗೌಡ್ರೆ. ಎಷ್ಟು ಮರ ತಿಂತು?" ಎಂದ.

ಗೂಡಿನ ಕೆಲಸದವರ ನಡುವೆ ಅದು ದಿನಾ ಆಡುವ ಮಾತು. ಇಟ್ಟಿಗೆ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಎಷ್ಟು ಮರ ತಿಂತು ಎಂದೇ ಕೇಳುತ್ತಾರೆ. ಗೃಹಪ್ರವೇಶದ ಪಂಕ್ತಿಯಲ್ಲಿ ಅದು ಬೇರೆಯಾಗಿಯೇ ಕೇಳಿಸಿತು. ಗೌಡನ ಮುಖ ಕಪ್ಪಿಟ್ಟಿತು. ಸಾಲದ್ದಕ್ಕೆ ಈ ಮಹಾರಾಯ, "ನಾನು ಸುಡದೇನೇ ಕಟ್ತೀನಿ" ಎಂದೂ ಸೇರಿಸಿದ. ಅವತ್ತಿನಿಂದ ಊರು ಅವನ ಜೊತೆ ನಗುನಗುತ್ತಲೇ ಮಾತಾಡಿತು, ಆದರೆ ಒಂದು ಬುದ್ಧಿಮಾತನ್ನೂ ಹೇಳಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನು ಅಣ್ಣನ ಮನೆ ಜಗಲಿಗೆ ಬಂದ. ಕೈಯಲ್ಲಿ ತರೀಕೆರೆಯಿಂದ ತಂದ ಇಟ್ಟಿಗೆ ಅಚ್ಚು. ದೊಡ್ಡಬೀರಪ್ಪ ಹಗ್ಗ ಹೊಸೆಯುತ್ತಿದ್ದ, ಅವನ ಹೆಂಡತಿ ಯಲ್ಲಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಅಣ್ಣ, ಇಲ್ಲಿ ಮನೆಗೆ ಯಾವ ಮಣ್ಣು ಹಾಕ್ತಾರೆ?"

ಈಗ ಒಂದು ಮಾತು ಹೇಳಬೇಕು. ಆ ಸೀಮೆಯಲ್ಲಿ ಮನೆಗೆ ಮಣ್ಣು ಹಾಕುವುದೆಂದರೆ ಮಾಳಿಗೆಯ ಮೇಲಕ್ಕೆ ಹಾಕುವುದು. ಮುಂಗಾರಿಗೆ ಮುಂಚೆ ಎಲ್ಲರೂ ಚೌಳು ಮಣ್ಣು, ಅಂದರೆ ಉಪ್ಪು ಕಟ್ಟಿದ ಬಿಳೀ ಮಣ್ಣು, ಹೊತ್ತು ತಂದು ಮಾಳಿಗೆಗೆ ಹರಡಿ ತುಳಿಯುತ್ತಾರೆ. ಚೌಳು ನೀರು ಬಿದ್ದೊಡನೆ ಮೈ ಮುಚ್ಚಿಕೊಳ್ಳುತ್ತದೆ, ಕೆಳಗೆ ಒಂದು ಹನಿ ಬಿಡುವುದಿಲ್ಲ. ಅದೇ ಚೌಳನ್ನು ಗೋಡೆಗೆ ಇಟ್ಟರೆ ಉಪ್ಪು ಹೊರಗೆ ಬಂದು ಗೋಡೆ ಹಿಟ್ಟು ಹಿಟ್ಟಾಗಿ ಉದುರುತ್ತದೆ. ಬುಡಕ್ಕೆ ಮಳೆನೀರು ತಾಗಿದರೆ ಮುಗಿಯಿತು. ಗೋಡೆಗೆ ಕೆಮ್ಮಣ್ಣೇ ಆಗಬೇಕು. ಇದು ಆ ಊರಿನ ಮಕ್ಕಳಿಗೂ ಗೊತ್ತು. ಘಟ್ಟದ ಮೇಲೆ ಹುಟ್ಟಿದವನಿಗೆ ಗೊತ್ತಿಲ್ಲ. ಹೋಬಳಿಯ ಹೆಸರಿನಲ್ಲೇ ಚೌಳು ಕೂತಿದ್ದರೂ ಅವನಿಗೆ ಅದು ಬರೀ ಊರಿನ ಹೆಸರು.

ದೊಡ್ಡಬೀರಪ್ಪ ಹಗ್ಗ ಬಿಟ್ಟು ತಮ್ಮನ ಮುಖ ನೋಡಿದ. ಆಮೇಲೆ ಅವನ ಕೈಯ ಅಚ್ಚು ನೋಡಿದ. ಅಚ್ಚು ಹಿಡಿದು ಬಂದವನು ಮಾಳಿಗೆಯ ಮಣ್ಣು ಕೇಳುತ್ತಿಲ್ಲವೆಂದು ತಿಳಿಯದಷ್ಟು ದಡ್ಡನಲ್ಲ ಅವನು.

"ಹಳ್ಳದಾಚೆ ಬೆಳ್ಳಗೆ ಕಾಣ್ತೈತಲ್ಲ, ಆ ಮಣ್ಣು ಕಣೋ. ಊರೆಲ್ಲ ಅದನ್ನೇ ಮನೆಗೆ ಹಾಕೋದು. ಕೇಳು ಬೇಕಾದ್ರೆ ನಿಮ್ಮತ್ಗೇನ" ಎಂದ.

ಯಲ್ಲಮ್ಮನ ಮೊರ ನಿಂತಿತು. ಬಾಯಿ ತೆರೆದಳು. ಗಂಡ ಅವಳ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡು, "ಹೂಂ ಕಣಪ್ಪ, ಅದನ್ನೇ ಹಾಕೋದು" ಎಂದು ಮತ್ತೆ ರಾಗಿ ಕೇರಿದಳು. ಒಂದು ಅಕ್ಷರವೂ ಸುಳ್ಳಲ್ಲ, ನೋಡಿ. ಇಂಥ ನಿಜಕ್ಕೆ ಬೆಂಕಿ ಹಾಕಬೇಕು.

ಸಣ್ಣಬೀರಪ್ಪ ಹಳ್ಳ ದಾಟಿ ನೋಡಿದ. ಹುಲ್ಲು ಕಡ್ಡಿಯಿಲ್ಲದ ಬಿಳೀ ನೆಲ. ಅವನಿಗೆ ಎಲ್ಲಿಲ್ಲದ ಖುಷಿ. ಗೂಡಿಗೆಂದು ಕೆರೆ ಅಗೆದದ್ದು, ತೋಪು ಕಡಿದದ್ದು ನೋಡಿದ್ದವನು. ಇಲ್ಲಿ ಎಷ್ಟು ಅಗೆದರೂ ಒಂದು ಗರಿಕೆಯೂ ಸಾಯುವುದಿಲ್ಲ, ಯಾರ ಬೆಳೆಗೂ ಕುಂದಿಲ್ಲ. "ನೋಡೇ, ನಮಗೆ ಅಂತಲೇ ದೇವರು ಇಟ್ಟ ಮಣ್ಣು" ಎಂದು ತಿಮ್ಮಕ್ಕನಿಗೆ ಹೇಳಿದ. ಇಬ್ಬರೂ ಸೇರಿ ಅಗೆದರು, ಜರಡಿ ಹಿಡಿದರು, ಹುಲ್ಲು ಕತ್ತರಿಸಿ ಸೇರಿಸಿ ತುಳಿದರು. ಕಣದ ತುಂಬ ಹಸಿ ಇಟ್ಟಿಗೆ ಸಾಲು ಸಾಲಾಗಿ ಒಣಗಿದವು. ಅಂಥ ಅಂದದ ಇಟ್ಟಿಗೆ ಆ ಊರಿನಲ್ಲಿ ಯಾರೂ ನೋಡಿರಲಿಲ್ಲ.

ಊರು ದಿನಾ ಬಂದು ನೋಡಿತು. ಗೋಡೆ ಏರಿದ ಹಾಗೆ ನೋಡುವವರೂ ಹೆಚ್ಚಾದರು. "ಚೆನ್ನಾಗ್ ಬತ್ತಾ ಐತೆ ಕಣೋ" ಎಂದರು. ಒಬ್ಬರು ಮಜ್ಜಿಗೆ ತಂದು ಕೊಟ್ಟರು, ಇನ್ನೊಬ್ಬರು ಸೂರಿಗೆಂದು ತೆಂಗಿನ ಗರಿ ಕೊಟ್ಟರು. ಕಟ್ಟೆಗೆ ಹೋಗಿ ಕೂತು, ಗೋಡೆ ಭರಣಿ ಮಳೆಗೆ ಬೀಳುತ್ತೋ ಕೃತ್ತಿಕೆಗೆ ಬೀಳುತ್ತೋ ಎಂದು ಪಂಥ ಕಟ್ಟಿದರು. ಕಲ್ಲೇಶಪ್ಪ ಗೌಡ, "ಮರ ತಿನ್ನದ ಮನೆ, ನೀರು ಕುಡಿಯುತ್ತೋ ಏನೋ ನೋಡೋಣ" ಎಂದದ್ದಕ್ಕೆ ಕಟ್ಟೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಆ ಜನರಲ್ಲಿ ಒಬ್ಬನಿಗಾದರೂ ನಾಲಿಗೆ ಇರಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ. ಇತ್ತು. ಊಟಕ್ಕೆ, ನಗುವುದಕ್ಕೆ, ಎಲ್ಲಕ್ಕೂ ಇತ್ತು.

ಮಾಳಿಗೆಯ ತೊಲೆ, ಜಂತೆಗೆ ಕಾಸಿರಲಿಲ್ಲ; ಯುಗಾದಿ ಕಳೆಯುವಾಗ ಗರಿ ಹೊದಿಸಿದ್ದಾಯಿತು. ಗೋಡೆಗೆ ಮೇಲೆ ಕೆಮ್ಮಣ್ಣು, ಸಗಣಿ ಸಾರಿಸಿದರು. ಆದರೂ ಬುಡದಲ್ಲಿ ಬೆಳ್ಳಗೆ ಹಿಟ್ಟು ಚೆಲ್ಲಿದ ಹಾಗೆ ಕಾಣಿಸಿಕೊಂಡಿತು. ಹಸಿ ಗೋಡೆ ಒಣಗುತ್ತಿದೆ ಎಂದು ಇಬ್ಬರೂ ತಿಳಿದರು. "ಸುಣ್ಣ ಹೊಡೆಯೋದು ತಪ್ತು ನೋಡು" ಎಂದು ತಿಮ್ಮಕ್ಕ ನಕ್ಕಳು.

ಸಣ್ಣಬೀರಪ್ಪ ಹೆಬ್ಬೆಗೆ ಹೋಗಿ ಅವ್ವನನ್ನು ಕರೆತಂದ. ಹಾಲಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಗ ಕೈ ಹಿಡಿದು ಹೊಸ್ತಿಲು ದಾಟಿಸಿದ. ಅವಳು ಒಳಗೆ ನಿಂತು, "ತಣ್ಣಗೈತೆ" ಎಂದು ಅತ್ತಳು. ಆಮೇಲೆ ಗೋಡೆ ಹಿಡಿದು ಹಿಡಿದು ಇಡೀ ಮನೆ ಸುತ್ತು ಹಾಕಿದಳು. ಒಂದು ಮೂಲೆಯಲ್ಲಿ ಕೂತು ಗೋಡೆಯ ಬುಡ ತಡವಿದಳು. ಬೆರಳನ್ನು ನಾಲಿಗೆಗೆ ಇಟ್ಟುಕೊಂಡಳು.

"ಮಗ, ಈ ಮಣ್ಣು ಯಾರು ತೋರಿಸಿದ್ರು?"

"ಅಣ್ಣ ಕಣವ್ವ. ಊರೆಲ್ಲ ಇದನ್ನೇ ಹಾಕೋದಂತೆ."

"ಹೌದು, ಹಾಕ್ತಾರೆ" ಎಂದಳು ಹಾಲಮ್ಮ. ಅಷ್ಟೇ. ಆ ಊರಿನಲ್ಲಿದ್ದಾಗ ಮುಂಗಾರಿಗೆ ಮುಂಚೆ ಊರ ಹೆಂಗಸರ ಜೊತೆ ಅದೇ ಹಳ್ಳದಾಚೆಯಿಂದ ಅವಳೂ ಬುಟ್ಟಿ ಹೊತ್ತಿದ್ದವಳು. ಆ ರುಚಿ ಅವಳಿಗೆ ತಿಳಿಯದೆ ಇರುತ್ತದೆಯೇ? ಆದರೆ ಮಗನ ದನಿಯಲ್ಲಿ ಅಷ್ಟೊಂದು ಹಿಗ್ಗಿತ್ತು. ಮಳೆಗಾಲ ಕಣ್ಣೆದುರಿಗಿತ್ತು, ಕೆಡವಿ ಮತ್ತೆ ಕಟ್ಟಲು ದಿನವಿರಲಿಲ್ಲ. ಹೇಳಿದರೆ ಅವಳು ಮತ್ತೆ ತಗಡಿನ ಕೆಳಕ್ಕೇ ಹೋಗಬೇಕು. ಅವಳು ಚಾಪೆಯನ್ನು ಆ ಮೂಲೆಗೇ ಹಾಸಿಸಿಕೊಂಡಳು. ಮಗ ಸೊಸೆಗೆ ಮಾತ್ರ, "ನಿಮ್ಮಿಬ್ಬರ ಉಸಿರಿಗೆ ನನಗೆ ಸೆಕೆ, ಹೊರಗೆ ಕಣದಲ್ಲಿ ಮಲಗ್ರಿ" ಎಂದು ದಿನಾ ಗದರಿಸಿದಳು. ಮುದುಕಿಗೆ ಮನೆ ಬಂದದ್ದೇ ಗತ್ತು ಬಂತು ಎಂದು ತಿಮ್ಮಕ್ಕ ಗೊಣಗಿದಳು.

ಭರಣಿ ಹನಿಯದೆ ಹೋಯಿತು. ಕೃತ್ತಿಕೆ ಒಂದು ಮಧ್ಯಾಹ್ನ ಬುಕ್ಕಾಂಬುಧಿ ಕಡೆಯಿಂದ ಕಪ್ಪಗೆ ಎದ್ದು ಬಂತು. ಗುಡುಗು ಕೇಳಿದ್ದೇ ಹಾಲಮ್ಮ, "ಸಣ್ಣಬೀರ, ಅಣ್ಣನ ಮನೇಗೆ ಹೋಗಿ ಒಂದು ಗಂಗಾಳ ಮಜ್ಜಿಗೆ ತಗಂಬಾ. ತಿಮ್ಮಕ್ಕ, ನೀನೂ ಹೋಗು, ಅವನೊಬ್ಬನೇ ಕೇಳಿದ್ರೆ ಕೊಡಲ್ಲ" ಎಂದಳು.

"ಮಳೆ ಬತ್ತಾ ಐತೆ, ನೀನೂ ಬಾರವ್ವ."

"ನನ್ನ ಮನೆ ಬಿಟ್ಟು ನಾನ್ಯಾಕೆ ಬರ್ಲಿ? ಹೋಗ್ರಿ ಅಂದೆ."

ಅವರು ಅಣ್ಣನ ಜಗಲಿ ಹತ್ತುವಷ್ಟರಲ್ಲಿ ಮಳೆ ಸುರಿಯಿತು. ಬಿರುಗಾಳಿ ಗರಿಯನ್ನೆಲ್ಲ ಕಿತ್ತೆಸೆಯಿತು. ಕಣದಲ್ಲಿ ನಿಂತ ನೀರು ಗೋಡೆಯ ಬುಡ ಹೊಕ್ಕಿತು. ಮಳೆ ಜೋರಾಗಿಯೇ ಇರುವಾಗ ದೊಪ್ಪೆಂದು ಒಂದು ಸದ್ದಾಯಿತು. ಜಗಲಿಯಲ್ಲಿ ಕೂತಿದ್ದ ದೊಡ್ಡಬೀರಪ್ಪ ಮೀಸೆಯ ಮರೆಯಲ್ಲಿ ಏನೋ ಅಂದುಕೊಂಡ. ಅವನು ಕಾದಿದ್ದು ಗೋಡೆ ಬೀಳುವುದಕ್ಕೆ. ಒಳಗೆ ಮುದುಕಿ ಇದ್ದಾಳೆಂದು ತಮ್ಮ ಕಿರುಚುತ್ತ ಓಡಿದಾಗಲೇ ಅವನು ಎದ್ದು ನಿಂತದ್ದು.

ಕೈಯಿಂದಲೇ ಬಗೆದರು. ಕೆಸರು ಬಗೆದಂತೆಲ್ಲ ಮತ್ತೆ ಜಾರಿ ತುಂಬಿಕೊಳ್ಳುತ್ತಿತ್ತು. ಹಾಲಮ್ಮ ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದ ಹಾಗೇ ಇದ್ದಳು. ಅವಳ ಬಾಯಿ ಒರೆಸಿದ ಸಣ್ಣಬೀರಪ್ಪ ತನ್ನ ಬಾಯಿಯನ್ನೂ ಅದೇ ಕೈಯಿಂದ ಒರೆಸಿಕೊಂಡ. ಉಪ್ಪು. ಅವ್ವ ಅವತ್ತು ಬೆರಳನ್ನು ನಾಲಿಗೆಗೆ ಇಟ್ಟದ್ದು, ದಿನಾ ಹೊರಗೆ ಮಲಗ್ರಿ ಎಂದದ್ದು, ಈಗ ಮಜ್ಜಿಗೆಗೆ ಕಳಿಸಿದ್ದು, ಎಲ್ಲ ಒಟ್ಟಿಗೆ ತಿಳಿಯಿತು. ಆ ಮಳೆಯಲ್ಲಿ ಅವನು ಕೂತು ಅರಚಿದ ಅರಚಾಟ ಕೇಳಲಾರದೆ ತಿಮ್ಮಕ್ಕ ಕಿವಿ ಮುಚ್ಚಿಕೊಂಡಳು.

ಮಾರನೆಯ ದಿನ ಊರೆಲ್ಲ ಮಣ್ಣಿಗೆ ಬಂತು. ಕಲ್ಲೇಶಪ್ಪ ಗೌಡ ಹೆಗಲ ಮೇಲಿನ ಟವೆಲು ತೆಗೆದು ಒಂದು ಹಿಡಿ ಮಣ್ಣು ಹಾಕಿದ. ದೊಡ್ಡಬೀರಪ್ಪ ಹಾಕಿದ, ಯಲ್ಲಮ್ಮ ಹಾಕಿದಳು, ಪಂಥ ಕಟ್ಟಿದವರೆಲ್ಲ ಒಬ್ಬೊಬ್ಬರಾಗಿ ಹಾಕಿದರು. ಕೈ ತೊಳೆಯುವಲ್ಲಿ ಸಣ್ಣಬೀರಪ್ಪ ಅಣ್ಣನನ್ನು ತಡೆದ.

"ನಿನಗೆ ಗೊತ್ತಿತ್ತು, ಅಲ್ವಾ?"

"ನೀನು ಕೇಳಿದ್ದು ಮನೆಗೆ ಯಾವ ಮಣ್ಣು ಹಾಕ್ತಾರೆ ಅಂತ. ಗೋಡೆ ಯಾವ್ದರಲ್ಲಿ ಕಟ್ತಾರೆ ಅಂತ ಕೇಳಿದ್ಯಾ? ಕೇಳಿದ್ದಕ್ಕೆ ಹೇಳ್ದೆ" ಎಂದ ದೊಡ್ಡಬೀರಪ್ಪ. ಊರು ತಲೆ ತಗ್ಗಿಸಿ ಕೈ ತೊಳೆಯಿತು.

ಅದಾದ ಎರಡು ದಿನಕ್ಕೆ ಹೆಂಗಸರು ಬುಟ್ಟಿ ಹಿಡಿದು ಕಣಕ್ಕೆ ಬಂದರು. ಬಿದ್ದ ಮಣ್ಣಿನ ಗುಡ್ಡೆ ಬಿಸಿಲಿಗೆ ಆರಿತ್ತು. ಜರಡಿ ಹಿಡಿದು, ಹುಲ್ಲು ಬೆರೆಸಿ ಹದ ಮಾಡಿದ ಚೌಳು. ಮಾಳಿಗೆಗೆ ಅದಕ್ಕಿಂತ ಒಳ್ಳೆಯ ಮಣ್ಣು ಎಲ್ಲಿ ಸಿಕ್ಕೀತು? ಹಳ್ಳದಾಚೆಗೆ ಹೋಗುವ ಶ್ರಮವೂ ಇಲ್ಲ. ಯಲ್ಲಮ್ಮನೇ ಮುಂದೆ ಬಂದು, ಮುಖ ನೋಡದೆ, "ಹೆಂಗೂ ಬಿದ್ದೋಗೈತೆ ಕಣಪ್ಪ, ಮಳೆಗೆ ಕರಗೋದಕ್ಕಿಂತ ನಾಲ್ಕು ಮನೆಗಾದ್ರೂ ಆಗ್ಲಿ" ಎಂದಳು. ಸಣ್ಣಬೀರಪ್ಪ ತಲೆಯಾಡಿಸಿದ. ಮಧ್ಯಾಹ್ನದೊಳಗೆ ಅವನ ಮನೆ ಬುಟ್ಟಿ ಬುಟ್ಟಿಯಾಗಿ ಊರಿನ ಮಾಳಿಗೆಗಳನ್ನು ಏರಿತು. ದೊಡ್ಡಬೀರಪ್ಪನಂತೂ ಗಾಡಿಯನ್ನೇ ಕಟ್ಟಿದ್ದ.

"ನೀನೇ ಹತ್ತಿ ತುಳಿದುಬಿಡೋ, ನಿನ್ನ ಕೆಲಸ ಅಚ್ಚುಕಟ್ಟು. ಹಿಟ್ಟು ಮಾಡ್ಸಿದೀನಿ, ಇಬ್ರೂ ಉಂಡು ಹೋಗ್ರಿ" ಎಂದ.

ಹೊಟ್ಟೆಗಿಲ್ಲದ ದಿನ ಅದು. ಸಣ್ಣಬೀರಪ್ಪ ಹತ್ತಿದ. ಎಲ್ಲರೂ ಅವನು ಕೋಪಕ್ಕೆ ಕೆಲಸ ಕೆಡಿಸುತ್ತಾನೆ ಎಂದುಕೊಂಡರು. ಅವನು ಕೆಡಿಸಲಿಲ್ಲ. ಅವ್ವ ಕೈಯಿಟ್ಟು ತಡವಿದ ಮಣ್ಣು ಅದು, ಕೆಟ್ಟದಾಗಿ ತುಳಿಯಲು ಅವನ ಕಾಲೇ ಬರಲಿಲ್ಲ. ಇಳಿಜಾರು ಕೊಟ್ಟು, ನೀರು ಚಿಮುಕಿಸಿ, ಸಂಜೆಯವರೆಗೆ ತುಳಿದ. ಆಮೇಲೆ ಉಂಡ. ಆಮೇಲೆ ಹೆಂಡತಿಯನ್ನು ಕರೆದುಕೊಂಡು, ಯಜಮಾನರ ತೀರ್ಮಾನದಂತೆ, ಬಂದ ದಾರಿ ಹಿಡಿದ.

ತರೀಕೆರೆಯ ಗೂಡಿನಲ್ಲಿ ಅವನ ಅಚ್ಚಿನ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು. ಉಳಿದದ್ದು ಬೆಂಕಿಯ ಕೆಲಸ. ಕೊರಡು ಎತ್ತಿ ಗೂಡಿನ ಬಾಯಿಗೆ ನೂಕುವುದು. ಅದನ್ನೇ ಮಾಡಿದ. ಯಾವ ಮರ, ಹೂವಿತ್ತೋ ಕಾಯಿತ್ತೋ ನೋಡುವುದನ್ನು ಬಿಟ್ಟ. ಮಳೆಗಾಲದಲ್ಲಿ ತಗಡಿನ ಶೆಡ್ಡಿನಲ್ಲಿ ತಿಮ್ಮಕ್ಕ ಏನಾದರೂ ಹೇಳಿದರೆ ಕೇಳಿಸುತ್ತಿರಲಿಲ್ಲ. ಅವನು ಏನೆಂದು ಕೇಳುತ್ತಲೂ ಇರಲಿಲ್ಲ.

ಎಂಬತ್ತೇಳರ ಬೇಸಿಗೆಯಲ್ಲಿ ಒಂದು ಲಾರಿ ಗೂಡಿನ ಮುಂದೆ ನಿಂತಿತು. ಇಳಿದವನು ದೊಡ್ಡಬೀರಪ್ಪ. ಕಣದ ಜಾಗದಲ್ಲಿ ಮಗನಿಗೊಂದು ತಾರಸಿ ಮನೆ ಕಟ್ಟಿಸುತ್ತಿದ್ದಾನಂತೆ, ಸುಟ್ಟ ಇಟ್ಟಿಗೆ ಬೇಕಂತೆ. ತಮ್ಮನನ್ನು ನೋಡಿ ನಿಜವಾಗಿಯೇ ಸಂತೋಷಪಟ್ಟ. ಬೀಡಿ ಕೊಟ್ಟ.

"ಅವತ್ತು ನೀನು ಹಾಕಿದ ಮಣ್ಣು ಇವತ್ತಿಗೂ ಒಂದು ಹನಿ ಸೋರಿಲ್ಲ ಕಣೋ. ಊರೆಲ್ಲ ಹೇಳ್ತಾರೆ, ಮನೆಗೆ ಮಣ್ಣು ಹಾಕಿದ್ರೆ ಸಣ್ಣಬೀರನ ಹಂಗೆ ಹಾಕ್ಬೇಕು ಅಂತ."

ಸಣ್ಣಬೀರಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

"ಮನೆಗೆ ಮಣ್ಣು ಹಾಕೋದು ನಂಗೇನು ಗೊತ್ತಿತ್ತಣ್ಣ, ತೋರಿಸಿಕೊಟ್ಟೋನು ನೀನಲ್ವಾ" ಎಂದ.

ಅಣ್ಣನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. "ಅದು ಸರಿ ಅನ್ನು" ಎಂದು ನಕ್ಕು, ಒಳ್ಳೆ ಬೆಂದ ಇಟ್ಟಿಗೆ ನೋಡಿ ಕೊಡಿಸು ಎಂದ. ಸಣ್ಣಬೀರಪ್ಪ ಬಗ್ಗಿ ಒಂದು ಹುಣಸೆ ಕೊರಡು ಎತ್ತಿ ಗೂಡಿನ ಬಾಯಿಗೆ ನೂಕಿದ.